ನೀರಿನ ಸಂಶೋಧನೆಯ ಡೇಟಾ: ಅಳೆದ ದಿನದಿಂದ ಹಂಚುವ ದಿನದವರೆಗೆ

ಪ್ರಯೋಗಾಲಯದಲ್ಲಿ ಒಂದು ಪ್ರಯೋಗ ಕೆಟ್ಟರೆ ಮತ್ತೆ ಮಾಡಬಹುದು. ನದಿಯ ವಿಷಯದಲ್ಲಿ ಹಾಗಾಗುವುದಿಲ್ಲ. ನಿನ್ನೆ ರಾತ್ರಿ ಬಂದ ಪ್ರವಾಹ ಇವತ್ತು ಸಮುದ್ರದ ದಾರಿ ಹಿಡಿದಿರುತ್ತದೆ. ಹತ್ತು ವರ್ಷದ ಹಿಂದೆ ಒಂದು ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿತ್ತು ಎಂಬುದಕ್ಕೆ ಆಗ ಬರೆದಿಟ್ಟ ಅಂಕಿಯೇ ಸಾಕ್ಷಿ. ಆ ಅಂಕಿ ಕಳೆದುಹೋದರೆ, ಅಥವಾ ಇದ್ದೂ ಅದರ ಅರ್ಥ ಯಾರಿಗೂ ಗೊತ್ತಾಗದಂತಾದರೆ, ಎಷ್ಟು ಹಣ ಖರ್ಚು ಮಾಡಿದರೂ ಅದನ್ನು ಮತ್ತೆ ಅಳೆಯಲು ಆಗುವುದಿಲ್ಲ.

ಹಾಗಾಗಿ ಡೇಟಾ ಹಂಚಿಕೆ ಎಂದರೆ ಪ್ರಬಂಧ ಪ್ರಕಟವಾದ ಮೇಲೆ ಒಂದು ಫೈಲನ್ನು ಎಲ್ಲೋ ಅಪ್‌ಲೋಡ್ ಮಾಡುವುದು ಅಂತ ಅಂದುಕೊಳ್ಳಬೇಡಿ. ಆ ಕೆಲಸ ಮೊದಲ ಅಳತೆ ತೆಗೆದ ದಿನವೇ ಶುರುವಾಗುತ್ತದೆ. ಅವತ್ತು ಸಮಯ, ಯೂನಿಟ್, ಅಳೆದ ವಿಧಾನ ಬರೆಯದೆ ಬಿಟ್ಟರೆ, ಮೂರು ವರ್ಷದ ನಂತರ ಯಾವ ಸಾಫ್ಟ್‌ವೇರ್ ಕೂಡ ಅದನ್ನು ತುಂಬಿಕೊಡುವುದಿಲ್ಲ.

ಚೆನ್ನಾಗಿ ಹಂಚಿದ ಡೇಟಾ ಏನೆಲ್ಲ ಮಾಡಬಲ್ಲದು ಎಂಬುದಕ್ಕೆ ಜಲವಿಜ್ಞಾನದಲ್ಲೇ ಒಳ್ಳೆಯ ಉದಾಹರಣೆ ಇದೆ. ಅಮೆರಿಕದ 671 ಜಲಾನಯನ ಪ್ರದೇಶಗಳ ಮಳೆ, ಹರಿವು, ಮಣ್ಣು, ಭೂಮಿಯ ಏರಿಳಿತ ಎಲ್ಲವನ್ನೂ ಒಂದೇ ರೂಪಕ್ಕೆ ತಂದ ಕ್ಯಾಮೆಲ್ಸ್ ಎಂಬ ಸಂಗ್ರಹ 2017ರಲ್ಲಿ ಸಿದ್ಧವಾಯಿತು. ಅದೇ ಮಾದರಿಯಲ್ಲಿ ಚಿಲಿ, ಬ್ರಿಟನ್, ಬ್ರೆಜಿಲ್, ಆಸ್ಟ್ರೇಲಿಯಾದ ಸಂಗ್ರಹಗಳು ಬಂದವು. 2023ರಲ್ಲಿ ಕ್ಯಾರವಾನ್ ಎಂಬ ಸಂಗ್ರಹ ಇಂಥ ಹಲವನ್ನು ಒಟ್ಟುಗೂಡಿಸಿತು. ಮಳೆಯಿಂದ ಹರಿವನ್ನು ಅಂದಾಜು ಮಾಡುವ ಇಂದಿನ ಎಷ್ಟೋ ಯಂತ್ರ ಕಲಿಕೆಯ ಮಾಡೆಲ್‌ಗಳು ಕಲಿತದ್ದು ಇಂಥ ಡೇಟಾದಿಂದಲೇ. ಅದನ್ನು ಅಳೆದವರು ಬೇರೆ, ಜೋಡಿಸಿದವರು ಬೇರೆ, ಬಳಸುತ್ತಿರುವವರು ಇನ್ನೂ ಬೇರೆ.

ಹಂತ 1: ಫೀಲ್ಡಿಗೆ ಹೋಗುವ ಮೊದಲು ಒಂದು ಪುಟದ ಒಪ್ಪಂದ

ಡೇಟಾ ಜಗಳಗಳಲ್ಲಿ ಬಹುಪಾಲು ಶುರುವಿನಲ್ಲೇ ತಪ್ಪಿಸಬಹುದಾದವು. ತಂಡದವರೆಲ್ಲ ಕೂತು ಒಂದು ಪುಟ ಬರೆಯಿರಿ. ಏನನ್ನು ಅಳೆಯುತ್ತೇವೆ, ಎಷ್ಟು ಹೊತ್ತಿಗೊಮ್ಮೆ, ಫೈಲ್‌ಗಳು ಎಲ್ಲಿರುತ್ತವೆ, ಅವುಗಳ ಹೊಣೆ ಯಾರದು? ಯೋಜನೆ ಮುಗಿದ ಮೇಲೆ ಯಾವಾಗ ಹೊರಗೆ ಕೊಡುತ್ತೇವೆ, ಕೊಡುವ ತೀರ್ಮಾನ ಯಾರದು? ಡೇಟಾ ಬಳಸಿದ ಪ್ರಬಂಧದಲ್ಲಿ ಯಾರ ಹೆಸರು ಬರುತ್ತದೆ?

ಕೊನೆಯ ಪ್ರಶ್ನೆಯನ್ನು ಸಂಕೋಚದಿಂದ ಮುಂದೂಡುವುದೇ ಜಾಸ್ತಿ. ಮುಂದೂಡಬೇಡಿ. ಮಳೆಯಲ್ಲಿ ನೆನೆದು ಸ್ಯಾಂಪಲ್ ತಂದ ವಿದ್ಯಾರ್ಥಿಯ ಹೆಸರು ಡೇಟಾದ ಲೇಖಕರ ಪಟ್ಟಿಯಲ್ಲಿ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಬರವಣಿಗೆಯಲ್ಲಿದ್ದರೆ ಆ ಮಾತನ್ನು ಆಮೇಲೆ ಯಾರೂ ಎತ್ತಬೇಕಾಗಿಲ್ಲ. ಹಣ ಕೊಡುವ ಸಂಸ್ಥೆ ಡೇಟಾ ಬಗ್ಗೆ ಷರತ್ತು ಹಾಕಿದ್ದರೆ ಅದನ್ನೂ ಇದೇ ಪುಟದಲ್ಲಿ ಸೇರಿಸಿ.

ಹಂತ 2: ಪ್ರತಿ ಜಾಗಕ್ಕೂ ಒಂದೇ ಗುರುತು

ಒಬ್ಬರು ‘ಸೇತುವೆ ಹತ್ತಿರ’ ಎಂದು ಬರೆಯುತ್ತಾರೆ, ಇನ್ನೊಬ್ಬರು ‘ಹಳೇ ಸೇತುವೆ’, ಮತ್ತೊಬ್ಬರು ‘ಕೇಂದ್ರ ಮೂರು’. ಒಂದು ವರ್ಷ ಕಳೆದರೆ ಇವು ಮೂರೂ ಒಂದೇ ಜಾಗವೋ ಬೇರೆ ಬೇರೆಯೋ ಎಂದು ಯಾರಿಗೂ ಗೊತ್ತಿರುವುದಿಲ್ಲ. ಪ್ರತಿ ಮಾಪನ ಕೇಂದ್ರಕ್ಕೆ, ಬಾವಿಗೆ, ಮಳೆ ಮಾಪಕಕ್ಕೆ ಚಿಕ್ಕದೊಂದು ಗುರುತು ಕೊಡಿ. ಅದನ್ನು ಎಂದೂ ಬದಲಾಯಿಸಬೇಡಿ, ಮುಚ್ಚಿಹೋದ ಕೇಂದ್ರದ ಗುರುತನ್ನು ಹೊಸದಕ್ಕೆ ಕೊಡಬೇಡಿ. ಮಾಪಕವನ್ನು ಹೊಳೆಯ ಕೆಳಭಾಗಕ್ಕೆ ಸರಿಸಿದರೆ ಅದು ಹೊಸ ಜಾಗ, ಹೊಸ ಗುರುತು.

ಕೇಂದ್ರಗಳಿಗೆಂದೇ ಒಂದು ಪ್ರತ್ಯೇಕ ಪಟ್ಟಿ ಇರಲಿ. ಅದರಲ್ಲಿ ಗುರುತು, ಅಕ್ಷಾಂಶ, ರೇಖಾಂಶ, ಅವು ಯಾವ ನಿರ್ದೇಶಾಂಕ ಪದ್ಧತಿಯವು (ಸಾಮಾನ್ಯವಾಗಿ ಡಬ್ಲ್ಯುಜಿಎಸ್ 84), ಕೇಂದ್ರ ಶುರುವಾದ ದಿನ, ಮುಚ್ಚಿದ ದಿನ ಇರಬೇಕು. ಗುರುತುಗಳನ್ನು ಯಾವಾಗಲೂ ಅಕ್ಷರ ಎಂದೇ ಉಳಿಸಿ, ಸಂಖ್ಯೆ ಎಂದಲ್ಲ. ವಾಷಿಂಗ್ಟನ್ ಹತ್ತಿರ ಪೊಟೊಮ್ಯಾಕ್ ನದಿಯ ಅಳತೆ ಕೇಂದ್ರದ ಸಂಖ್ಯೆ 01646500. ಸ್ಪ್ರೆಡ್‌ಶೀಟ್ ಇದನ್ನು ಸಂಖ್ಯೆ ಎಂದು ಓದಿದರೆ ಶುರುವಿನ ಸೊನ್ನೆ ಮಾಯವಾಗುತ್ತದೆ. ಆಮೇಲೆ ಆ ಗುರುತು ಯಾವ ಪಟ್ಟಿಗೂ ಹೊಂದುವುದಿಲ್ಲ.

ಹಂತ 3: ಅಂಕಿಯ ಜೊತೆಗೆ ಅದರ ಸಂದರ್ಭವನ್ನೂ ಬರೆಯಿರಿ

ಈ ಹಂತಕ್ಕೆ ಜಾಸ್ತಿ ಜಾಗ ಕೊಡುತ್ತಿದ್ದೇನೆ. ನೀರಿನ ಡೇಟಾ ಹಾಳಾಗುವುದು ಹೆಚ್ಚಾಗಿ ಇಲ್ಲೇ.

ಮೊದಲು ಸಮಯ. ದಿನಾಂಕವನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ, 2024-03-07 ಎಂಬಂತೆ ಬರೆಯಿರಿ. ಐಎಸ್‌ಒ 8601 ಮಾನದಂಡ ಹೇಳುವುದು ಇದನ್ನೇ. 07/03 ಎಂದು ಬರೆದರೆ ಒಬ್ಬರಿಗೆ ಮಾರ್ಚ್ ಏಳು, ಇನ್ನೊಬ್ಬರಿಗೆ ಜುಲೈ ಮೂರು. ಜೊತೆಗೆ ಯಾವ ಸಮಯ ವಲಯ ಎಂಬುದೂ ಬೇಕು. ಬೇಸಿಗೆಯಲ್ಲಿ ಗಡಿಯಾರ ಮುಂದೆ ಹಾಕುವ ದೇಶಗಳಲ್ಲಿ ವರ್ಷಕ್ಕೆ ಒಮ್ಮೆ ಒಂದು ಗಂಟೆ ಕಾಣೆಯಾಗುತ್ತದೆ, ಇನ್ನೊಮ್ಮೆ ಅದೇ ಗಂಟೆ ಎರಡು ಸಲ ಬರುತ್ತದೆ. ಅಳತೆಗಳನ್ನು ತಾನಾಗಿಯೇ ದಾಖಲಿಸುವ ಉಪಕರಣವಾದ ಲಾಗರ್ ಕೂಡ ಹಾಗೆ ಗಡಿಯಾರ ಬದಲಿಸಿದರೆ ಪ್ರವಾಹದ ತುದಿ ಯಾವಾಗ ಬಂತು ಎಂಬುದೇ ಗೊಂದಲ. ಲಾಗರನ್ನು ವರ್ಷವಿಡೀ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಅಥವಾ ಬದಲಾಗದ ಸ್ಥಳೀಯ ಸಮಯದಲ್ಲಿ ಇಡಿ.

ದಿನದ ಮಳೆಗೆ ಇನ್ನೊಂದು ತೊಡಕಿದೆ. ಬೆಳಿಗ್ಗೆ ಒಂಬತ್ತಕ್ಕೆ ಮಾಪಕ ನೋಡಿ ಬರೆದ ಮಳೆಯಲ್ಲಿ ಬಹುಪಾಲು ನಿನ್ನೆ ಬಿದ್ದದ್ದು. ಅದನ್ನು ಇವತ್ತಿನ ತಾರೀಖಿಗೆ ಬರೆಯುತ್ತೀರಾ, ನಿನ್ನೆಯದಕ್ಕಾ? ಎರಡೂ ರೂಢಿಯಲ್ಲಿವೆ. ಯಾವುದನ್ನು ಅನುಸರಿಸಿದಿರಿ ಎಂದು ಹೇಳದಿದ್ದರೆ ಮಳೆ ಮತ್ತು ಹರಿವಿನ ನಡುವೆ ಒಂದು ದಿನದ ಸುಳ್ಳು ಅಂತರ ಹುಟ್ಟುತ್ತದೆ. ಅದರ ಮೇಲೆ ಯಾರೋ ಮಾಡೆಲ್ ಕಟ್ಟುತ್ತಾರೆ, ಅಲ್ವಾ?

ಇನ್ನು ಯೂನಿಟ್. ಹರಿವು ಘನ ಮೀಟರ್‌ನಲ್ಲೋ ಘನ ಅಡಿಯಲ್ಲೋ ಎಂಬುದು ಹೇಗೋ ತಿಳಿಯುತ್ತದೆ, ಏಕೆಂದರೆ ಎರಡರ ನಡುವೆ 35 ಪಟ್ಟು ವ್ಯತ್ಯಾಸ. ಅಪಾಯ ಇರುವುದು ನೋಡಿದರೆ ಗೊತ್ತಾಗದ ಕಡೆ. ನೈಟ್ರೇಟನ್ನೇ ತೆಗೆದುಕೊಳ್ಳಿ. ಕೆಲವು ಪ್ರಯೋಗಾಲಯಗಳು ಇಡೀ ನೈಟ್ರೇಟ್ ಅಯಾನಿನ ತೂಕ ಹೇಳುತ್ತವೆ, ಕೆಲವು ಅದರೊಳಗಿನ ಸಾರಜನಕದ ತೂಕ ಮಾತ್ರ. ಎರಡಕ್ಕೂ ಯೂನಿಟ್ ಲೀಟರಿಗೆ ಮಿಲಿಗ್ರಾಂ. ನಡುವಿನ ಗುಣಕ 4.43. ವಿಶ್ವ ಆರೋಗ್ಯ ಸಂಸ್ಥೆಯ ಕುಡಿಯುವ ನೀರಿನ ಮಾರ್ಗಸೂಚಿ 50 ಮಿಲಿಗ್ರಾಂ ಎನ್ನುವುದು ನೈಟ್ರೇಟ್ ಲೆಕ್ಕದಲ್ಲಿ. ಅಮೆರಿಕದ ಮಿತಿ 10 ಮಿಲಿಗ್ರಾಂ ಎನ್ನುವುದು ಸಾರಜನಕದ ಲೆಕ್ಕದಲ್ಲಿ. ನಿಮ್ಮ ಕಾಲಂನಲ್ಲಿ ಬರೀ 12 ಎಂದಿದ್ದರೆ ಆ ನೀರು ಒಂದು ಲೆಕ್ಕದಲ್ಲಿ ನಿಶ್ಚಿಂತೆಯಿಂದ ಕುಡಿಯುವಂಥದ್ದು, ಇನ್ನೊಂದು ಲೆಕ್ಕದಲ್ಲಿ ಮಿತಿ ಮೀರಿದ್ದು.

ಟರ್ಬಿಡಿಟಿ, ಅಂದರೆ ನೀರು ಎಷ್ಟು ರಾಡಿಯಾಗಿದೆ ಎಂಬ ಅಳತೆ, ಇನ್ನೊಂದು ಉದಾಹರಣೆ. ಬಿಳಿ ಬೆಳಕಿನಲ್ಲಿ ಅಳೆದರೆ ಯೂನಿಟ್ ಎನ್‌ಟಿಯು, ಐಎಸ್‌ಒ 7027 ಪ್ರಕಾರ ಇನ್‌ಫ್ರಾರೆಡ್ ಬೆಳಕಿನಲ್ಲಿ ಅಳೆದರೆ ಎಫ್‌ಎನ್‌ಯು. ಒಂದೇ ದ್ರಾವಣದಿಂದ ಹೊಂದಿಸಿದ ಎರಡು ಉಪಕರಣಗಳನ್ನು ಒಂದೇ ಹೊಳೆಯ ನೀರಿಗೆ ಅದ್ದಿದರೂ ಬೇರೆ ಬೇರೆ ಅಂಕಿ ಬರಬಹುದು. ವಿದ್ಯುತ್ ವಾಹಕತೆ ತಾಪಮಾನದ ಒಂದು ಡಿಗ್ರಿಗೆ ಸುಮಾರು ಶೇ. 2ರಷ್ಟು ಬದಲಾಗುತ್ತದೆ. ಹಾಗಾಗಿ ಅದನ್ನು 25 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ್ದೀರಾ ಇಲ್ಲವಾ ಎಂದು ಬರೆಯಬೇಕು. ಲೋಹಗಳ ಅಳತೆಯಲ್ಲಿ ನೀರನ್ನು ಸೋಸಿದ್ದೀರಾ (ಸಾಮಾನ್ಯವಾಗಿ 0.45 ಮೈಕ್ರಾನ್ ಜರಡಿ), ಸೋಸದೆ ಒಟ್ಟು ಅಳತೆ ಕೊಟ್ಟಿದ್ದೀರಾ ಎಂಬುದು ಫಲಿತಾಂಶದ ಅರ್ಥವನ್ನೇ ಬದಲಿಸುತ್ತದೆ.

ಪತ್ತೆ ಮಿತಿಗಿಂತ ಕಡಿಮೆ ಬಂದ ಅಂಕಿಗಳ ಬಗ್ಗೆ ಸ್ವಲ್ಪ ಹಟವೇ ಮಾಡಿ. ಉಪಕರಣ ಲೀಟರಿಗೆ 0.01 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಕಾಣುವುದಿಲ್ಲ ಎಂದಾದರೆ, ಆ ಸ್ಯಾಂಪಲ್‌ಗೆ ಸೊನ್ನೆ ಬರೆಯಬಾರದು, ಮಿತಿಯ ಅರ್ಧವನ್ನೂ ಬರೆಯಬಾರದು, ಖಾಲಿಯೂ ಬಿಡಬಾರದು. ಒಂದು ಕಾಲಂನಲ್ಲಿ 0.01 ಎಂದು, ಪಕ್ಕದ ಕಾಲಂನಲ್ಲಿ ‘ಇದಕ್ಕಿಂತ ಕಡಿಮೆ’ ಎಂಬ ಚಿಹ್ನೆ ಇಡಿ. ಇಂಥ ಅರ್ಧ ಗೊತ್ತಿರುವ ಅಂಕಿಗಳನ್ನು ನಿಭಾಯಿಸಲು ಸಂಖ್ಯಾಶಾಸ್ತ್ರದಲ್ಲಿ ಒಳ್ಳೆಯ ವಿಧಾನಗಳಿವೆ. ಆದರೆ ಮಾಹಿತಿ ಉಳಿದಿದ್ದರೆ ಮಾತ್ರ ಅವು ಕೆಲಸಕ್ಕೆ ಬರುತ್ತವೆ.

ಅಳತೆಯೇ ಆಗದ ದಿನಕ್ಕೂ ಸೊನ್ನೆ ಹಾಕಬೇಡಿ. ಹೊಳೆ ಬತ್ತಿದ್ದು ಸೊನ್ನೆ, ಬ್ಯಾಟರಿ ಸತ್ತಿದ್ದು ಸೊನ್ನೆಯಲ್ಲ. −9999 ಎಂದು ಬರೆಯುವ ಹಳೆಯ ರೂಢಿ ಇನ್ನೂ ಇದೆ. ಬಳಸಿದರೆ ಅದನ್ನು ಸ್ಪಷ್ಟವಾಗಿ ಹೇಳಿ, ಇಲ್ಲದಿದ್ದರೆ ಯಾರೋ ಅದನ್ನೂ ಸೇರಿಸಿ ಸರಾಸರಿ ತೆಗೆಯುತ್ತಾರೆ. ಖಾಲಿ ಬಿಟ್ಟು, ಖಾಲಿಯ ಕಾರಣವನ್ನು ಪಕ್ಕದ ಕಾಲಂನಲ್ಲಿ ಬರೆಯುವುದು ನನಗೆ ಹೆಚ್ಚು ಇಷ್ಟ.

ಅಂತರ್ಜಲ ಅಳೆಯುವವರಿಗೆ ಒಂದೆರಡು ಮಾತು. ನೀವು ಬರೆಯುತ್ತಿರುವುದು ನೆಲದಿಂದ ನೀರಿನವರೆಗಿನ ಆಳವೋ, ಸಮುದ್ರ ಮಟ್ಟದಿಂದ ನೀರಿನ ಎತ್ತರವೋ? ಮೊದಲನೆಯದು ಹೆಚ್ಚಾದರೆ ನೀರು ಕೆಳಗಿಳಿದಿದೆ, ಎರಡನೆಯದು ಹೆಚ್ಚಾದರೆ ಮೇಲೇರಿದೆ. ಆಳವನ್ನು ಕೇಸಿಂಗ್ ಪೈಪಿನ ಬಾಯಿಯಿಂದ ಅಳೆದಿದ್ದರೆ ಆ ಬಾಯಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು ಬೇಕು. ಪೈಪನ್ನು ಯಾವಾಗಲಾದರೂ ಕತ್ತರಿಸಿದ್ದರೆ ಆ ತಾರೀಖೂ ಬೇಕು. ಗಾಳಿ ಕೊಳವೆ ಇಲ್ಲದ ಒತ್ತಡ ಸೆನ್ಸರ್ ನೀರಿನ ಭಾರದ ಜೊತೆ ಗಾಳಿಯ ಭಾರವನ್ನೂ ಅಳೆಯುತ್ತದೆ. ವಾಯು ಒತ್ತಡ 1 ಹೆಕ್ಟೊಪ್ಯಾಸ್ಕಲ್ ಬದಲಾದರೆ ಸುಮಾರು 1 ಸೆಂಟಿಮೀಟರ್ ನೀರಿನಷ್ಟು ವ್ಯತ್ಯಾಸ ತೋರಿಸುತ್ತದೆ. ಹಾಗಾಗಿ ಆ ಅವಧಿಯ ವಾಯು ಒತ್ತಡದ ಫೈಲ್ ಕೂಡ ನಿಮ್ಮ ಡೇಟಾದ ಭಾಗವೇ. ಅದನ್ನು ಎಸೆಯಬೇಡಿ.

ಹಂತ 4: ಮೂಲ ಫೈಲ್ ಮುಟ್ಟಬೇಡಿ

ಲಾಗರ್‌ನಿಂದ ಇಳಿಸಿದ ಫೈಲ್, ಪ್ರಯೋಗಾಲಯದಿಂದ ಬಂದ ವರದಿ, ಫೀಲ್ಡ್ ನೋಟ್‌ಬುಕ್ಕಿನ ಫೋಟೊ, ಇವನ್ನು ಬಂದ ಹಾಗೆಯೇ ಒಂದು ಫೋಲ್ಡರ್‌ನಲ್ಲಿಟ್ಟು ಓದಲು ಮಾತ್ರ ಅವಕಾಶ ಇರುವಂತೆ ಮಾಡಿ. ತಿದ್ದಿದ್ದು ಇನ್ನೊಂದು ಫೋಲ್ಡರ್‌ಗೆ, ಲೆಕ್ಕ ಹಾಕಿ ಪಡೆದದ್ದು (ದಿನದ ಸರಾಸರಿ, ತಿಂಗಳ ಮೊತ್ತ) ಮೂರನೆಯದಕ್ಕೆ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಒಂದು ಪೈಥಾನ್ ಅಥವಾ ಆರ್ ಸ್ಕ್ರಿಪ್ಟ್ ಆಗಿದ್ದರೆ ಅತ್ಯುತ್ತಮ. ಕೈಯಿಂದ ತಿದ್ದಿದರೆ ಏನು ಮಾಡಿದಿರಿ ಎಂದು ನಿಮಗೇ ಮರೆತುಹೋಗುತ್ತದೆ. ಸ್ಕ್ರಿಪ್ಟ್ ಇದ್ದರೆ ಅದರಲ್ಲೇ ಬರೆದಿರುತ್ತದೆ.

ಎಕ್ಸೆಲ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ನೋಡಲು, ಟೈಪ್ ಮಾಡಲು ಅನುಕೂಲವೇ. ಆದರೆ ಶಾಶ್ವತವಾಗಿ ಇಡುವ ರೂಪ ಅದಲ್ಲ. ಅದರ ಒಂದು ಹಾಳೆಯಲ್ಲಿ ಹಿಡಿಸುವುದು 10,48,576 ಸಾಲು. 15 ನಿಮಿಷಕ್ಕೊಮ್ಮೆ ಅಳೆದರೆ ವರ್ಷಕ್ಕೆ 35,040 ಸಾಲು ಆಗುತ್ತವೆ. ಅಂದರೆ 30 ವರ್ಷ ತುಂಬುವ ಮೊದಲೇ ಹಾಳೆ ತುಂಬುತ್ತದೆ. ಅದಕ್ಕಿಂತ ಉದ್ದದ ಫೈಲನ್ನು ತೆರೆದು ಉಳಿಸಿದರೆ ಕೊನೆಯ ಸಾಲುಗಳು ಹೋದ ಹಾಗೆಯೇ. ‘3-12’ ಎಂಬ ಸ್ಯಾಂಪಲ್ ಗುರುತನ್ನು ಅದು ಸುಮ್ನೆ ತಾರೀಖಾಗಿ ಬದಲಿಸಿಬಿಡುತ್ತದೆ. ಕೋಷ್ಟಕಗಳನ್ನು ಯುಟಿಎಫ್-8ರಲ್ಲಿ ಉಳಿಸಿದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಆಗಿಡಿ. ಒಂದು ಸಾಲಿಗೆ ಒಂದು ಅಳತೆ, ಮೊದಲ ಸಾಲಿನಲ್ಲಿ ಕಾಲಂ ಹೆಸರುಗಳು. ಬಣ್ಣ ಬಳಿದು ಅರ್ಥ ಹೇಳುವುದು, ಎರಡು ಕೋಶಗಳನ್ನು ಒಂದಾಗಿಸುವುದು ಬೇಡ. ಮಳೆ ಅಥವಾ ಮಣ್ಣಿನ ತೇವಾಂಶದ ನಕ್ಷೆಯಂಥ ದೊಡ್ಡ ಜಾಲರಿ ಡೇಟಾಕ್ಕೆ ನೆಟ್‌ಸಿಡಿಎಫ್ ಎಂಬ ಫೈಲ್ ರೂಪ ಸರಿ. ಅದರಲ್ಲಿ ಸಿಎಫ್ ಎಂಬ ಹೆಸರಿಡುವ ಕ್ರಮ ಅನುಸರಿಸಿದರೆ ಬೇರೆಯವರ ಸಾಫ್ಟ್‌ವೇರ್ ತಾನಾಗಿಯೇ ಓದಿಕೊಳ್ಳುತ್ತದೆ.

ಬ್ಯಾಕಪ್ ಬಗ್ಗೆ ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಅಥವಾ ಕ್ಲೌಡ್‌ನಲ್ಲಿ. ಪ್ರತಿ ಮೂಲ ಫೈಲಿಗೂ ಶಾ-256 ಮೊತ್ತ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಕೇತ) ತೆಗೆದು ಬರೆದಿಡಿ. ಮುಂದೆ ಅದೇ ಮೊತ್ತ ಬಂದರೆ ಫೈಲಿನ ಒಂದಕ್ಷರವೂ ಬದಲಾಗಿಲ್ಲ ಎಂದರ್ಥ.

ಹಂತ 5: ಪರೀಕ್ಷಿಸಿ, ಆದರೆ ಅಳಿಸಬೇಡಿ

ಸೆನ್ಸರ್ ಮೇಲೆ ಪಾಚಿ ಕಟ್ಟುತ್ತದೆ, ಕಸ ಸಿಕ್ಕಿಕೊಳ್ಳುತ್ತದೆ, ದಿನ ಕಳೆದಂತೆ ಅಳತೆ ನಿಧಾನವಾಗಿ ಜಾರುತ್ತದೆ. ಪ್ರತಿ ಸಲ ಸ್ವಚ್ಛ ಮಾಡುವ ಮೊದಲು ಒಂದು ಅಂಕಿ, ಮಾಡಿದ ಮೇಲೆ ಒಂದು ಅಂಕಿ ಬರೆಯಿರಿ. ಜಾರಿದ್ದು ಎಷ್ಟು ಎಂದು ತಿಳಿಯಲು ಅದೇ ಆಧಾರ.

ಆಮೇಲೆ ಡೇಟಾವನ್ನು ಕೆಲವು ಸರಳ ಪ್ರಶ್ನೆಗಳಿಂದ ಜಾಲಾಡಿ. ಪಿಎಚ್ 0ರಿಂದ 14ರ ಆಚೆ ಹೋಗಿದೆಯಾ? ನೀರಿನ ಮಟ್ಟ 15 ನಿಮಿಷದಲ್ಲಿ ನಂಬಲಾಗದಷ್ಟು ಏರಿದೆಯಾ? ಗಂಟೆಗಟ್ಟಲೆ ಒಂದೇ ಅಂಕಿ ಬಂದಿದೆಯಾ? ಪಕ್ಕದ ಕೇಂದ್ರದಲ್ಲಿ ಮಳೆ ಸುರಿದಾಗ ಇಲ್ಲಿ ಮಾತ್ರ ಸೊನ್ನೆ ಇದೆಯಾ? ಒಮ್ಮೆ ಗ್ರಾಫ್ ಎಳೆದು ಕಣ್ಣಾರೆ ನೋಡಿ. ಯಾವ ನಿಯಮಕ್ಕೂ ಸಿಗದ ತಪ್ಪು ಕಣ್ಣಿಗೆ ಬೇಗ ಸಿಗುತ್ತದೆ.

ಅನುಮಾನ ಬಂದ ಅಂಕಿಯನ್ನು ತೆಗೆದುಹಾಕಬೇಡಿ. ಪಕ್ಕದಲ್ಲಿ ಗುರುತಿನ ಕಾಲಂ ಮಾಡಿ: ಸರಿ, ಅನುಮಾನ, ತಪ್ಪು, ಅಂದಾಜು. ವಿಚಿತ್ರವಾಗಿ ಕಂಡ ಅಂಕಿ ನಿಜವಾದ ಮಹಾಪೂರವೂ ಆಗಿರಬಹುದು. ಅದನ್ನು ತೀರ್ಮಾನಿಸುವ ಅವಕಾಶ ಮುಂದಿನವರಿಗೂ ಇರಲಿ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಆಗಷ್ಟೇ ಬಂದ ಅಂಕಿಗೆ ‘ತಾತ್ಕಾಲಿಕ’ ಎಂದೂ ಪರಿಶೀಲನೆಯಾದ ಮೇಲೆ ‘ಅನುಮೋದಿತ’ ಎಂದೂ ಗುರುತು ಹಾಕುತ್ತದೆ. ಚಿಕ್ಕ ತಂಡವೂ ಇದನ್ನು ಸುಲಭವಾಗಿ ಮಾಡಬಹುದು.

ಹರಿವಿನ ಡೇಟಾಕ್ಕೆ ವಿಶೇಷ ಎಚ್ಚರ ಬೇಕು. ಬಹುತೇಕ ಕೇಂದ್ರಗಳಲ್ಲಿ ಹರಿವನ್ನು ನೇರವಾಗಿ ಸತತ ಅಳೆಯುವುದಿಲ್ಲ. ನೀರಿನ ಮಟ್ಟ ಅಳೆದು, ಯಾವ ಮಟ್ಟಕ್ಕೆ ಎಷ್ಟು ಹರಿವು ಎಂದು ತೋರಿಸುವ ರೇಟಿಂಗ್ ಕರ್ವ್ ಮೂಲಕ ಅದನ್ನು ಹರಿವಾಗಿ ಬದಲಿಸುತ್ತಾರೆ. ಒಂದು ದೊಡ್ಡ ಪ್ರವಾಹ ನದಿಯ ತಳವನ್ನು ಕೊರೆದರೆ ಹಳೆಯ ಕರ್ವ್ ಸುಳ್ಳಾಗುತ್ತದೆ. ಆದ್ದರಿಂದ ಹರಿವಿನ ಅಂಕಿ ಮಾತ್ರ ಕೊಟ್ಟರೆ ಸಾಲದು. ಮಟ್ಟ, ಕೈಯಿಂದ ಅಳೆದ ಹರಿವುಗಳು, ಯಾವ ಕರ್ವ್ ಯಾವ ದಿನದಿಂದ ಯಾವ ದಿನದವರೆಗೆ ಎಂಬುದು, ಇವೆಲ್ಲವನ್ನೂ ಕೊಡಿ. ನೀವು ಅಳೆದ ಅತಿ ದೊಡ್ಡ ಹರಿವಿಗಿಂತ ಮೇಲಿನ ಅಂಕಿಗಳು ಕರ್ವನ್ನು ಹಿಗ್ಗಿಸಿ ಪಡೆದವು. ಅವಕ್ಕೆ ‘ಅಂದಾಜು’ ಎಂಬ ಗುರುತು ಇರಲೇಬೇಕು, ಏಕೆಂದರೆ ಸೇತುವೆ, ಅಣೆಕಟ್ಟು ಕಟ್ಟುವವರು ನೋಡುವುದು ಆ ಅಂಕಿಗಳನ್ನೇ.

ಹಂತ 6: ಪರಿಚಯವಿಲ್ಲದ ಓದುಗರಿಗೆ ಒಂದು ವಿವರಣೆ

ಡೇಟಾ ಜೊತೆ ಸರಳ ಪಠ್ಯದಲ್ಲಿ ಒಂದು ವಿವರಣಾ ಫೈಲ್ ಇಡಿ. ಬರೆಯುವಾಗ ಒಬ್ಬ ಓದುಗರನ್ನು ಕಣ್ಣ ಮುಂದೆ ತಂದುಕೊಳ್ಳಿ: ಬೇರೆ ದೇಶದವರು, ಹತ್ತು ವರ್ಷದ ನಂತರ ಓದುತ್ತಿರುವವರು, ನಿಮಗೆ ಫೋನ್ ಮಾಡಲು ಆಗದವರು. ಯಾಕೆ ಅಳೆದಿರಿ, ಎಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ, ಯಾವ ಉಪಕರಣದಿಂದ, ಯಾವ ಪ್ರಯೋಗಾಲಯ ವಿಧಾನದಿಂದ, ಯಾವ ಫೈಲಿನಲ್ಲಿ ಏನಿದೆ ಎಂದು ಹೇಳಿ. ಪ್ರತಿ ಕಾಲಂಗೆ ಒಂದು ಸಾಲು: ಹೆಸರು, ಅರ್ಥ, ಯೂನಿಟ್, ಖಾಲಿ ಇದ್ದರೆ ಏನರ್ಥ, ಗುರುತುಗಳ ಪಟ್ಟಿ. ಗೊತ್ತಿರುವ ದೋಷಗಳನ್ನೂ ಬರೆಯಿರಿ. ‘ಈ ಮೂರು ತಿಂಗಳು ಮಾಪಕದ ಮೇಲೆ ಮರದ ಕೊಂಬೆ ಬೆಳೆದಿತ್ತು’ ಎಂಬ ಒಂದು ಸಾಲು ಮುಂದಿನವರಿಗೆ ದೊಡ್ಡ ಉಪಕಾರ.

ಬರೆದ ಮೇಲೆ ಯೋಜನೆಗೆ ಸಂಬಂಧವಿಲ್ಲದ ಸಹೋದ್ಯೋಗಿಗೆ ಕೊಡಿ. ಆ ಫೈಲ್‌ಗಳನ್ನು ಮಾತ್ರ ನೋಡಿ ಒಂದು ಗ್ರಾಫ್ ಬಿಡಿಸಲು ಹೇಳಿ. ಅವರು ಕೇಳುವ ಪ್ರತಿ ಪ್ರಶ್ನೆಯೂ ವಿವರಣೆಯಲ್ಲಿ ಬಿಟ್ಟುಹೋದ ಒಂದು ಸಾಲು.

ಹಂತ 7: ತಂಡದೊಳಗಿನ ಹಂಚಿಕೆ

ಇಮೇಲ್‌ನಲ್ಲಿ ಫೈಲ್ ಕಳಿಸುವುದನ್ನು ನಿಲ್ಲಿಸಿ. ‘ಅಂತಿಮ’, ‘ಅಂತಿಮ ಎರಡು’, ‘ನಿಜವಾದ ಅಂತಿಮ’ ಎಂಬ ಫೈಲ್‌ಗಳು ಹುಟ್ಟುವುದು ಅಲ್ಲಿಂದ. ಎಲ್ಲರಿಗೂ ಕಾಣುವ ಒಂದೇ ಜಾಗ, ಅಲ್ಲಿ ಒಂದೇ ಅಧಿಕೃತ ಪ್ರತಿ, ಬದಲಾವಣೆ ಮಾಡುವ ಅಧಿಕಾರ ಒಬ್ಬಿಬ್ಬರಿಗೆ, ಪ್ರತಿ ಬದಲಾವಣೆಗೂ ದಿನಾಂಕ ಹಾಕಿ ಬರೆದ ಒಂದು ಸಾಲು. ಇಷ್ಟು ಸಾಕು. ಸ್ಕ್ರಿಪ್ಟ್‌ಗಳಿಗೆ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಬಳಸಿ. ದೊಡ್ಡ ಡೇಟಾಕ್ಕೆ ಅದು ಹೊಂದುವುದಿಲ್ಲ. ಗಿಟ್‌ಹಬ್‌ನಲ್ಲಿ 100 ಎಂಬಿ ಮೀರಿದ ಫೈಲ್ ಒಳಗೇ ಹೋಗುವುದಿಲ್ಲ.

ಮಾಡೆಲ್ ಓಡಿಸುವವರು ಉತ್ಪತ್ತಿಯಾದ ಟೆರಾಬೈಟ್‌ಗಳನ್ನೆಲ್ಲ ಇಡಬೇಕಾಗಿಲ್ಲ. ಅಂತರ್ಜಲದ ಮಾಡ್‌ಫ್ಲೋ ಆಗಲಿ ಜಲಾನಯನದ ಸ್ವಾಟ್ ಆಗಲಿ, ಯಾವ ಆವೃತ್ತಿ, ಯಾವ ಇನ್‌ಪುಟ್ ಫೈಲ್‌ಗಳು, ಯಾವ ಸೆಟ್ಟಿಂಗ್ ಎಂಬುದು ಪೂರ್ತಿ ಇದ್ದರೆ ಉಳಿದದ್ದನ್ನು ಮತ್ತೆ ಹುಟ್ಟಿಸಬಹುದು. ಫೀಲ್ಡ್ ಅಳತೆಗೆ ಆ ಭಾಗ್ಯ ಇಲ್ಲ. ಜಾಗ ಕಡಿಮೆ ಇದ್ದರೆ ಮೊದಲು ಅಳತೆಯನ್ನು ಉಳಿಸಿ.

ಹಂತ 8: ಯಾವುದನ್ನು ಹಾಗೆಯೇ ಹೊರಗೆ ಬಿಡಬಾರದು

ಎಲ್ಲವನ್ನೂ ತೆರೆದಿಡಬೇಕು ಎಂಬ ಉತ್ಸಾಹ ಒಳ್ಳೆಯದೇ, ಆದರೆ ಒಂದು ಕುಟುಂಬದ ಬಾವಿಯಲ್ಲಿ ಆರ್ಸೆನಿಕ್ ಇದೆ ಎಂದು ಜಗತ್ತಿಗೆ ಸಾರುವ ಮೊದಲು ಆ ಕುಟುಂಬಕ್ಕೆ ತಿಳಿಸಬೇಕು. ಅವರ ಒಪ್ಪಿಗೆಯೂ ಬೇಕು. ಮಾಲೀಕರ ಹೆಸರು, ಫೋನ್ ನಂಬರ್ ತೆಗೆದರೆ ಸಾಲದು, ನಿರ್ದೇಶಾಂಕವೇ ಮನೆಯನ್ನು ತೋರಿಸುತ್ತದೆ. ದಶಮಾಂಶದ ನಾಲ್ಕು ಸ್ಥಾನ ಸುಮಾರು 11 ಮೀಟರ್ ನಿಖರ, ಎರಡು ಸ್ಥಾನ ಸುಮಾರು 1.1 ಕಿಲೋಮೀಟರ್. ಖಾಸಗಿ ಬಾವಿಗಳಿಗೆ ಎರಡು ಸ್ಥಾನಕ್ಕೆ ಇಳಿಸಿ ಪ್ರಕಟಿಸಿ, ನಿಖರ ಜಾಗ ಬೇಕಾದವರು ಕಾರಣ ಹೇಳಿ ಕೇಳಲಿ. ಕುಡಿಯುವ ನೀರಿನ ಸ್ಥಾವರಗಳ ಒಳಗಿನ ವಿವರ, ಅಳಿವಿನಂಚಿನ ಜೀವಿಗಳ ಜಾಗ, ಗಡಿ ದಾಟುವ ನದಿಗಳ ಸರ್ಕಾರಿ ಅಂಕಿ, ಇವಕ್ಕೆ ಅನುಮತಿ ಇದೆಯಾ ಎಂದು ಮೊದಲೇ ನೋಡಿ. ಮೂಲನಿವಾಸಿ ಸಮುದಾಯಗಳ ನೆಲದಲ್ಲಿ ಅಳೆದಿದ್ದರೆ ಆ ಡೇಟಾದ ಮೇಲೆ ಅವರಿಗೂ ಮಾತಿದೆ. ಕೇರ್ ಎಂಬ ತತ್ವಗಳು ಹೇಳುವುದು ಇದನ್ನೇ.

‘ನಾನು ಪ್ರಬಂಧ ಬರೆಯುವ ಮೊದಲೇ ಬೇರೆಯವರು ಬರೆದುಬಿಟ್ಟರೆ?’ ಎಂಬ ಭಯ ನ್ಯಾಯವಾದದ್ದು. ಅದಕ್ಕೆ ತಡೆ ಅವಧಿ ಇದೆ. ಡೇಟಾವನ್ನು ಆನ್‌ಲೈನ್ ಡೇಟಾ ಭಂಡಾರದಲ್ಲಿಟ್ಟು, ಒಂದು ವರ್ಷದ ನಂತರ ತಾನಾಗಿಯೇ ತೆರೆಯುವಂತೆ ಮಾಡಬಹುದು. ವಿವರಣೆ ಮಾತ್ರ ಇವತ್ತೇ ಕಾಣಲಿ. ಇಂಥ ಡೇಟಾ ಇದೆ ಎಂದು ಗೊತ್ತಾದರೆ ಅದೇ ಜಾಗದಲ್ಲಿ ಅದೇ ಕೆಲಸ ಮತ್ತೊಬ್ಬರು ಮಾಡುವುದು ತಪ್ಪುತ್ತದೆ.

ಹಂತ 9: ಭಂಡಾರದಲ್ಲಿ ಇಡುವುದು

‘ಕೇಳಿದರೆ ಕೊಡುತ್ತೇವೆ’ ಎಂದು ಪ್ರಬಂಧದಲ್ಲಿ ಬರೆಯುವುದು ಹಂಚಿಕೆಯಲ್ಲ. 2 ರಿಂದ 22 ವರ್ಷ ಹಳೆಯ 516 ಜೀವಶಾಸ್ತ್ರ ಪ್ರಬಂಧಗಳ ಡೇಟಾ ಕೇಳಿ ನೋಡಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಡೇಟಾ ಇನ್ನೂ ಉಳಿದಿರುವ ಸಂಭವ ವರ್ಷಕ್ಕೆ ಶೇ. 17ರಷ್ಟು ಕುಸಿಯುತ್ತಿತ್ತು. ಇಮೇಲ್ ವಿಳಾಸ ಬದಲಾಗುತ್ತದೆ, ಹಾರ್ಡ್ ಡಿಸ್ಕ್ ಸಾಯುತ್ತದೆ. ವೈಯಕ್ತಿಕ ವೆಬ್‌ಸೈಟ್ ಕೂಡ ಹೆಚ್ಚು ದಿನ ಬಾಳುವುದಿಲ್ಲ.

ಎಲ್ಲಿ ಇಡುವುದು? ಜಲವಿಜ್ಞಾನಕ್ಕೆಂದೇ ಇರುವ ಹೈಡ್ರೋಶೇರ್ ಇದೆ. ಅಮೆರಿಕದ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಕುವಾಸಿ ಅದನ್ನು ನಡೆಸುತ್ತದೆ. ಡೇಟಾ, ಮಾಡೆಲ್ ಎರಡನ್ನೂ ಇಡಬಹುದು, ತಂಡದವರ ಜೊತೆ ಮಾತ್ರ ಹಂಚಿಕೊಂಡು ಆಮೇಲೆ ಎಲ್ಲರಿಗೂ ತೆರೆಯಬಹುದು. ಭೂಮಿ ಮತ್ತು ಪರಿಸರ ವಿಜ್ಞಾನಕ್ಕೆ ಜರ್ಮನಿಯ ಪಂಗಿಯಾ ಇದೆ, ಅಲ್ಲಿ ಸಂಪಾದಕರು ಡೇಟಾ ಪರಿಶೀಲಿಸುತ್ತಾರೆ. ಯುರೋಪಿನ ಕಣ ಭೌತವಿಜ್ಞಾನ ಸಂಸ್ಥೆ ಸರ್ನ್ 2013ರಲ್ಲಿ ಶುರು ಮಾಡಿದ ಝೆನೊಡೊ ಯಾವ ವಿಷಯಕ್ಕಾದರೂ ಸರಿ, ಒಂದು ದಾಖಲೆಗೆ 50 ಜಿಬಿವರೆಗೆ ಜಾಗ ಕೊಡುತ್ತದೆ. ನನ್ನ ಸಲಹೆ ಕೇಳಿದರೆ ಮೊದಲು ವಿಷಯಕ್ಕೆ ಮೀಸಲಾದ ಭಂಡಾರ, ಅದು ಹೊಂದದಿದ್ದರೆ ಸಾಮಾನ್ಯ ಭಂಡಾರ. ಹುಡುಕುವವರು ಮೊದಲು ಬರುವುದು ವಿಷಯದ ಭಂಡಾರಕ್ಕೇ.

ಅಲ್ಲಿ ಪ್ರಕಟಿಸಿದಾಗ ಡಿಒಐ ಎಂಬ ಶಾಶ್ವತ ಗುರುತು ಸಿಗುತ್ತದೆ. ಲೇಖಕರ ಹೆಸರಿನ ಜೊತೆ ಆರ್ಕಿಡ್ ಸಂಖ್ಯೆ (ಪ್ರತಿ ಸಂಶೋಧಕರಿಗೂ ಸಿಗುವ ಪ್ರತ್ಯೇಕ ಗುರುತು) ಕೊಡಿ, ಒಂದೇ ಹೆಸರಿನ ಇಬ್ಬರ ನಡುವೆ ಗೊಂದಲ ಇರುವುದಿಲ್ಲ. ಲೈಸೆನ್ಸ್ ಮರೆಯಬೇಡಿ. ಲೈಸೆನ್ಸ್ ಇಲ್ಲದ ಡೇಟಾ ಕಣ್ಣಿಗೆ ಕಂಡರೂ ಬಳಸಲು ಅನುಮತಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ 4.0 ಲೈಸೆನ್ಸ್ ಇದ್ದರೆ ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು. ಸಿಸಿ ಝೀರೋ ಇನ್ನೂ ಮುಕ್ತ. ‘ವಾಣಿಜ್ಯ ಬಳಕೆಗೆ ಇಲ್ಲ’ ಎಂಬ ಷರತ್ತು ಹಾಕುವ ಮೊದಲು ಯೋಚಿಸಿ. ನೀರು ಪೂರೈಸುವ ಕಂಪನಿಯ ಎಂಜಿನಿಯರ್ ಕೂಡ ಅದರಿಂದ ಹೊರಗೆ ಉಳಿಯುತ್ತಾರೆ.

ಹುಡುಕಿದರೆ ಸಿಗಬೇಕು, ತೆರೆಯಲು ಆಗಬೇಕು, ಬೇರೆ ಡೇಟಾ ಜೊತೆ ಹೊಂದಬೇಕು, ಮತ್ತೆ ಬಳಸುವಂತಿರಬೇಕು. 2016ರಲ್ಲಿ ಪ್ರಕಟವಾದ ಫೇರ್ ತತ್ವಗಳು ಕೇಳುವುದು ಇಷ್ಟನ್ನೇ. ಇಲ್ಲಿಯವರೆಗಿನ ಹಂತಗಳನ್ನು ಮಾಡಿದ್ದರೆ ಅವು ಬಹುಪಾಲು ಈಡೇರಿರುತ್ತವೆ. ನಿಮ್ಮ ಕೇಂದ್ರಗಳು ಸತತವಾಗಿ ಅಂಕಿ ಕಳಿಸುತ್ತಿದ್ದರೆ ವಾಟರ್‌ಎಂಎಲ್ 2.0 ನೋಡಿ. ನೀರಿನ ಕಾಲಸರಣಿಗಳನ್ನು ಕಂಪ್ಯೂಟರ್‌ಗಳು ಪರಸ್ಪರ ಕಳಿಸಿಕೊಳ್ಳಲು ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಂ 2012ರಲ್ಲಿ ಒಪ್ಪಿದ ಮಾನದಂಡ ಅದು. ಒಂದೇ ಸಲ ಪ್ರಕಟಿಸುವ ಚಿಕ್ಕ ಸಂಗ್ರಹಕ್ಕೆ ಅಷ್ಟು ಬೇಕಿಲ್ಲ.

ಹಂತ 10: ಬೇರೆಯವರ ಡೇಟಾ ಬಳಸುವಾಗ, ನಿಮ್ಮದನ್ನು ಬೇರೆಯವರು ಬಳಸುವಾಗ

ಜಗತ್ತಿನ ನದಿ ಹರಿವಿಗೆ ಜರ್ಮನಿಯ ಕೊಬ್ಲೆಂಜ್‌ನಲ್ಲಿ 1988ರಿಂದ ಇರುವ ಜಾಗತಿಕ ಹರಿವು ಡೇಟಾ ಕೇಂದ್ರವಿದೆ. ನೀರಿನ ಗುಣಮಟ್ಟಕ್ಕೆ ಜೆಮ್‌ಸ್ಟಾಟ್ ಎಂಬ ಜಾಗತಿಕ ಸಂಗ್ರಹ ಇದೆ. ಎರಡಕ್ಕೂ ಬಳಕೆಯ ಷರತ್ತುಗಳಿವೆ. ಇಳಿಸಿಕೊಳ್ಳುವ ಮೊದಲು ಓದಿ. ಇಂಥ ಕಡೆಯಿಂದ ತಂದ ಅಂಕಿಗಳನ್ನು ನಿಮ್ಮ ಸಂಗ್ರಹದಲ್ಲಿ ಸೇರಿಸಿ ಮತ್ತೆ ಪ್ರಕಟಿಸುವ ಹಕ್ಕು ನಿಮಗೆ ಇಲ್ಲದಿರಬಹುದು. ಆಗ ಡೇಟಾ ಬದಲು ಅದನ್ನು ಪಡೆಯುವ ದಾರಿ ಮತ್ತು ಸ್ಕ್ರಿಪ್ಟ್ ಕೊಡಿ. ಜಲವಿಜ್ಞಾನದ ಡೇಟಾವನ್ನು ಮುಕ್ತವಾಗಿ ವಿನಿಮಯ ಮಾಡಿಕೊಳ್ಳಬೇಕು ಎಂದು ವಿಶ್ವ ಹವಾಮಾನ ಸಂಸ್ಥೆ 1999ರಲ್ಲೇ ನಿರ್ಣಯ ಮಾಡಿದೆ. ಆದರೂ ಎಷ್ಟು ತೆರೆಯುವುದು ಎಂಬ ತೀರ್ಮಾನ ಆಯಾ ದೇಶಗಳ ಕೈಯಲ್ಲೇ ಇದೆ.

ಬಳಸಿದ ಡೇಟಾವನ್ನು ಪ್ರಬಂಧದ ಉಲ್ಲೇಖಗಳ ಪಟ್ಟಿಯಲ್ಲೇ ಸೇರಿಸಿ: ಲೇಖಕರು, ವರ್ಷ, ಶೀರ್ಷಿಕೆ, ಆವೃತ್ತಿ, ಡಿಒಐ. ಕೊನೆಯ ಕೃತಜ್ಞತೆಯಲ್ಲಿ ಒಂದು ಸಾಲು ಬರೆದರೆ ಅದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ದಿನವೂ ಬದಲಾಗುವ ಡೇಟಾ ಆದರೆ ಇಳಿಸಿಕೊಂಡ ತಾರೀಖು ಬರೆದು, ಬಳಸಿದ ಪ್ರತಿಯನ್ನು ಉಳಿಸಿಕೊಳ್ಳಿ. ತಾತ್ಕಾಲಿಕ ಅಂಕಿ ನಾಳೆ ಬದಲಾಗಬಹುದು.

ನಿಮ್ಮ ಡೇಟಾದಲ್ಲಿ ತಪ್ಪಿದೆ ಎಂದು ಯಾರಾದರೂ ಬರೆದರೆ ಅದು ಒಳ್ಳೆಯ ಸುದ್ದಿ, ಯಾರೋ ಅದನ್ನು ನಿಜವಾಗಿ ಬಳಸುತ್ತಿದ್ದಾರೆ. ತಪ್ಪನ್ನು ತಿದ್ದಿ ಹೊಸ ಆವೃತ್ತಿ ಇಡಿ. ಹಳೆಯದನ್ನು ಅಳಿಸಬೇಡಿ, ಅದರ ಮೇಲೆ ಬರೆದ ಪ್ರಬಂಧಗಳನ್ನು ಪರಿಶೀಲಿಸಲು ಅದು ಬೇಕು. ಯಾವ ಕೇಂದ್ರದ ಯಾವ ದಿನಗಳು, ಯಾಕೆ ಬದಲಾದವು ಎಂದು ವಿವರಣಾ ಫೈಲಿನ ಮೇಲ್ಭಾಗದಲ್ಲೇ ಬರೆಯಿರಿ. ತಪ್ಪು ತೋರಿಸಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಸೇರಿಸಿ. ಸಂಪರ್ಕಕ್ಕೆ ಒಬ್ಬ ವಿದ್ಯಾರ್ಥಿಯ ಇಮೇಲ್ ಬದಲು ತಂಡದ ಸಾಮಾನ್ಯ ವಿಳಾಸ ಕೊಡಿ, ಆ ವಿದ್ಯಾರ್ಥಿ ಪದವಿ ಮುಗಿಸಿ ಹೋದ ಮೇಲೂ ಇಂಥ ಪತ್ರ ಯಾರಿಗಾದರೂ ತಲುಪಬೇಕು.